ಗರ್ಬರ್ ಫೈಲ್‌ನಲ್ಲಿ ಹೋಗದ ಮಾತುಗಳು

ಎಲೆಕ್ಟ್ರಾನಿಕ್ ಬೋರ್ಡ್ (ಪಿಸಿಬಿ) ಡಿಸೈನ್ ಮಾಡುವವರಿಗೆ ಫ್ಯಾಬ್‌ನಿಂದ, ಅಂದರೆ ಆ ಬೋರ್ಡ್ ತಯಾರಿಸುವ ಕಾರ್ಖಾನೆಯಿಂದ, ಬರುವ ಪ್ರಶ್ನೆಪಟ್ಟಿ ಅಂದರೆ ಆಗಿಬರುವುದಿಲ್ಲ. ವಾರಗಟ್ಟಲೆ ಲೇಔಟ್ ಮಾಡಿ, ಅಂದರೆ ಯಾವ ಪಾರ್ಟ್ ಎಲ್ಲಿ, ಯಾವ ತಾಮ್ರದ ಗೆರೆ ಎಲ್ಲಿ ಅಂತ ಚಿತ್ರ ಬರೆದು, ಅದರ ಗರ್ಬರ್ ಫೈಲ್ ಕಳಿಸಿ, ಉಸ್ಸಪ್ಪಾ ಅಂತ ಕೂತಿರುತ್ತಾರೆ. ಮಾರನೇ ದಿನ ಮೇಲ್ ಬರುತ್ತದೆ. ಈ ತೂತು ಇಷ್ಟು ಚಿಕ್ಕದೇ ಬೇಕಾ? ಈ ಎರಡು ಪ್ಯಾಡ್‌ಗಳ (ಪಾರ್ಟ್‌ನ ಕಾಲು ಕೂರುವ ತಾಮ್ರದ ಜಾಗ) ನಡುವೆ ಸೋಲ್ಡರ್ ಮಾಸ್ಕ್ (ಬೋರ್ಡ್ ಮೇಲಿನ ರಕ್ಷಣೆಯ ಲೇಪ) ನಿಲ್ಲುವುದಿಲ್ಲ, ತೆಗೆಯಬಹುದಾ? ಡ್ರಾಯಿಂಗ್‌ನಲ್ಲಿ ಒಂದು ದಪ್ಪ ಬರೆದಿದ್ದೀರಿ, ಸ್ಟ್ಯಾಕಪ್ (ಲೇಯರ್‌ಗಳ ಪಟ್ಟಿ) ಕೂಡಿಸಿದರೆ ಇನ್ನೊಂದು ಬರುತ್ತದೆ, ಯಾವುದು ಸರಿ? ಬಹಳ ಜನ ಇದನ್ನು ಕಿರಿಕಿರಿ ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದ ಬೇರೆ ಇಲ್ಲ ಅನ್ನಿಸುತ್ತದೆ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ. ತೋಟದ ಪಂಪನ್ನು ಮೊಬೈಲ್‌ನಿಂದ ಓಡಿಸುವ ನಾಲ್ಕು ಲೇಯರ್ ಬೋರ್ಡ್, ಒಟ್ಟು ದಪ್ಪ 1.6 ಮಿ.ಮೀ. ಮೋಡೆಮ್‌ನಿಂದ ಆಂಟೆನಾಗೆ ಹೋಗುವ ಟ್ರೇಸ್‌ನ (ತಾಮ್ರದ ಗೆರೆಯ) ಇಂಪಿಡೆನ್ಸ್, ಅಂದರೆ ಸಿಗ್ನಲ್‌ಗೆ ಅದು ಒಡ್ಡುವ ತಡೆ, 50 ಓಮ್ ಇರಬೇಕು ಅಂತ ಟಿಪ್ಪಣಿ ಇದೆ. ಟ್ರೇಸ್‌ನ ಅಗಲ 0.2 ಮಿ.ಮೀ. ಬಂದ ಫೈಲನ್ನು ತಯಾರಿಕೆಗೆ ಸಿದ್ಧ ಮಾಡುವ ಫ್ಯಾಬ್‌ನ ಕ್ಯಾಮ್ ಇಂಜಿನಿಯರ್ ಕೇಳುತ್ತಾರೆ: ಮೇಲಿನ ತಾಮ್ರಕ್ಕೂ ಅದರ ಕೆಳಗಿನ ಗ್ರೌಂಡ್‌ಗೂ ನಡುವೆ ಯಾವ ಪ್ರಿಪ್ರೆಗ್ ಹಾಕೋಣ? ಪ್ರಿಪ್ರೆಗ್ ಅಂದರೆ ಅರೆಬೆಂದ ರೆಸಿನ್ ಹೀರಿಕೊಂಡ ಗಾಜಿನ ಬಟ್ಟೆ. ಪ್ರೆಸ್‌ನಲ್ಲಿ ಬಿಸಿ ಮತ್ತು ಒತ್ತಡ ಬಿದ್ದಾಗ ಅದು ಕರಗಿ ಲೇಯರ್‌ಗಳನ್ನು ಅಂಟಿಸುತ್ತದೆ. ಅವರ ಹತ್ತಿರ ಮಾಮೂಲಿಯಾಗಿ ಇರುವುದು ಒತ್ತಿದ ಮೇಲೆ ಸುಮಾರು 0.2 ಮಿ.ಮೀ. ಆಗುವ ಬಟ್ಟೆ. ಅದರ ಮೇಲೆ ಈ ಟ್ರೇಸ್ 50 ಓಮ್ ಆಗುವುದಿಲ್ಲ, 65ರ ಸುತ್ತ ಹೋಗುತ್ತದೆ. 50 ಬೇಕಿದ್ದರೆ ಅಗಲವನ್ನು 0.35 ಮಿ.ಮೀ. ಹತ್ತಿರ ತನ್ನಿ, ಇಲ್ಲವೇ ತೆಳು ಪ್ರಿಪ್ರೆಗ್‌ಗೆ ಒಪ್ಪಿಗೆ ಕೊಡಿ, ಅಂತ ಅವರು ಬರೆಯುತ್ತಾರೆ.

ಈ ಎರಡು ಸಾಲಿನ ಪ್ರಶ್ನೆ ಬಾರದೆ ಹೋಗಿದ್ದರೆ ಏನಾಗುತ್ತಿತ್ತು? ಬೋರ್ಡ್ ಚೆನ್ನಾಗಿಯೇ ಬರುತ್ತಿತ್ತು. ಎಲೆಕ್ಟ್ರಿಕಲ್ ಟೆಸ್ಟ್‌ನಲ್ಲಿ ಪಾಸೂ ಆಗುತ್ತಿತ್ತು, ಯಾಕೆಂದರೆ ಆ ಟೆಸ್ಟ್ ನೋಡುವುದು ಶಾರ್ಟ್ ಮತ್ತು ಓಪನ್ ಮಾತ್ರ. ಆಮೇಲೆ ಊರಾಚೆ ತೋಟದಲ್ಲಿ ಸಿಗ್ನಲ್ ವೀಕ್ ಇರುವ ಕಡೆ ಮೋಡೆಮ್ ಹಠ ಹಿಡಿಯುತ್ತಿತ್ತು. ಎಲ್ಲರೂ ಸಿಮ್ ಬದಲಾಯಿಸುತ್ತಾ ಕೂರುತ್ತಿದ್ದರು.

ಫ್ಯಾಬ್‌ನವರು ಯಾಕೆ ಇಷ್ಟು ಕೇಳಬೇಕು ಅಂದರೆ, ನಾವು ಕಳಿಸುವ ಫೈಲ್‌ನಲ್ಲಿ ಕಾರಣ ಇರುವುದಿಲ್ಲ. ಗರ್ಬರ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಗೊತ್ತಾಗುತ್ತದೆ. ಉದ್ದಕ್ಕೂ ಎಕ್ಸ್ ಇಷ್ಟು, ವೈ ಇಷ್ಟು, ಕೊನೆಗೆ ಡಿ01, ಡಿ02 ಅಥವಾ ಡಿ03. ಡಿ02 ಅಂದರೆ ಬೆಳಕು ಆರಿಸಿ ಅಲ್ಲಿಗೆ ಹೋಗು. ಡಿ01 ಅಂದರೆ ಬೆಳಕು ಹಚ್ಚಿಕೊಂಡು ಗೆರೆ ಎಳೆ. ಡಿ03 ಅಂದರೆ ನಿಂತ ಜಾಗದಲ್ಲಿ ಒಮ್ಮೆ ಮಿಂಚು. ಇವೆಲ್ಲ ಹಳೆಯ ಫೋಟೋಪ್ಲಾಟರ್‌ಗೆ ಕೊಡುತ್ತಿದ್ದ ಅಪ್ಪಣೆಗಳು. ಆ ಯಂತ್ರದಲ್ಲಿ ಬೇರೆ ಬೇರೆ ಆಕಾರದ ಕಿಂಡಿಗಳಿರುವ ಒಂದು ಚಕ್ರ ಇರುತ್ತಿತ್ತು. ಕಿಂಡಿಯಿಂದ ಬಂದ ಬೆಳಕು ಫಿಲ್ಮ್ ಮೇಲೆ ಪ್ಯಾಡ್, ಟ್ರೇಸ್ ಬರೆಯುತ್ತಿತ್ತು. ಚಕ್ರ ಹೋಗಿ ಎಷ್ಟೋ ಕಾಲ ಆಯಿತು. ಅಪ್ಪಣೆಗಳು ಉಳಿದಿವೆ. ಎಲ್ಲಿ ತಾಮ್ರ ಇರಬೇಕು ಅನ್ನುವುದನ್ನು ಈ ಫೈಲ್ ಚಾಚೂ ತಪ್ಪದೆ ಹೇಳುತ್ತದೆ. ಯಾಕೆ ಅಲ್ಲಿ, ಯಾಕೆ ಅಷ್ಟೇ ಅಗಲ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಲೇಬಾರದು, ಇದೊಂದೂ ಅದರಲ್ಲಿ ಇಲ್ಲ.

ಈ ಫೈಲ್‌ಗೆ ಹೆಸರು ಬಂದದ್ದು ಜೋಸೆಫ್ ಗರ್ಬರ್ ಅವರ ಕಂಪನಿಯಿಂದ. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹುಡುಗ. ನಾಜಿಗಳ ಕೈಯಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದವರು. ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್‌ನ ಜನಕ ಅಂತ ಹೆಸರಾದ ಪೌಲ್ ಐಸ್ಲರ್ ಕೂಡ ವಿಯೆನ್ನಾದವರೇ, 1907ರಲ್ಲಿ ಹುಟ್ಟಿದವರು. ಅವರೂ ಅದೇ ಕಾಲದ ಯಹೂದಿ ದ್ವೇಷಕ್ಕೆ ಸಿಕ್ಕಿ 1936ರಲ್ಲಿ ಲಂಡನ್‌ಗೆ ಹೋದರು. ಅಲ್ಲಿ ಪ್ರಿಂಟೆಡ್ ಸರ್ಕ್ಯೂಟ್ ಹಾಕಿದ ರೇಡಿಯೋ ಕಟ್ಟಿದರು. ಒಂದೇ ಊರಿನಿಂದ ಓಡಿಸಲ್ಪಟ್ಟ ಇಬ್ಬರ ಕೆಲಸ ಇವತ್ತು ಪ್ರತಿ ಬೋರ್ಡ್‌ನಲ್ಲೂ ಇದೆ. ಅದೇ ಆಸ್ಟ್ರಿಯಾದ ಎಟಿ ಆ್ಯಂಡ್ ಎಸ್ ಕಂಪನಿಯ ಪಿಸಿಬಿ ಕಾರ್ಖಾನೆ ನಮ್ಮ ನಂಜನಗೂಡಿನಲ್ಲಿದೆ. ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ ಏನೋ. ನನಗಂತೂ ಆ ದಾರಿಯಲ್ಲಿ ಹೋದಾಗಲೆಲ್ಲ ಇದು ನೆನಪಾಗುತ್ತದೆ.

ಇರಲಿ, ಮಾತಿನ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಮಾಡುವುದು ಬೋರ್‌ವೆಲ್ ಪಂಪ್‌ನ ಸ್ಟಾರ್ಟರ್ ಬೋರ್ಡ್‌ಗಳ ಮೇಲೆ. ಮೊಬೈಲ್‌ನಿಂದ ಕರೆ ಮಾಡಿದರೆ ಮೋಟಾರ್ ಶುರುವಾಗುತ್ತದಲ್ಲ, ಆ ಡಬ್ಬಿ. ನೋಡುವುದಕ್ಕೆ ಸಾಧಾರಣ ವಸ್ತು. ಆದರೆ ಅದರ ಒಳಗೆ 3 ಫೇಸ್ ಲೈನೂ ಇದೆ, 3.3 ವೋಲ್ಟ್‌ನ ಪ್ರೊಸೆಸರೂ ಇದೆ. ಸಿಡಿಲು, ಧೂಳು, ಇರುವೆ, ಹಲ್ಲಿ ಎಲ್ಲವೂ ಅದಕ್ಕೆ ಬರುತ್ತವೆ. ಮಧ್ಯರಾತ್ರಿ ಕರೆಂಟ್ ಬಂದಾಗ ಮೋಟಾರ್ ಶುರುವಾಗಲಿಲ್ಲ ಅಂದರೆ ಟಾರ್ಚ್ ಹಿಡಿದು ತೋಟಕ್ಕೆ ನಡೆಯಬೇಕಾದವರು ರೈತರು. ಹಾವು ಹುಳ ಇರುವ ದಾರಿ. ಹಾಗಾಗಿ ನನಗೆ ಇದು ಸಣ್ಣ ಕೆಲಸ ಅಂತ ಯಾವತ್ತೂ ಅನ್ನಿಸಿಲ್ಲ.

ಇಂಥದ್ದೇ ಒಂದು ಬೋರ್ಡ್ ಪೀಣ್ಯದ ಒಂದು ಫ್ಯಾಬ್‌ಗೆ ಹೋಗಿತ್ತು. ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್) ಕೆಳಗೆ, ಹೈವೋಲ್ಟೇಜ್ ಭಾಗಕ್ಕೂ ಲೋವೋಲ್ಟೇಜ್ ಭಾಗಕ್ಕೂ ನಡುವೆ, 0.8 ಮಿ.ಮೀ. ಅಗಲದ ಸ್ಲಾಟ್ (ಉದ್ದನೆಯ ಸೀಳು) ಕೊರೆಯಲು ಹೇಳಿತ್ತು. ಕ್ಯಾಮ್ ಇಂಜಿನಿಯರ್ ಫೋನ್ ಮಾಡಿದರು. ಆ ಕೆಲಸದಲ್ಲೇ ತಲೆ ಬೆಳ್ಳಗಾದವರು.

"ಮೇಡಂ, ಈ ಸ್ಲಾಟ್ ಯಾತಕ್ಕೆ?"

ತೆಗೆಯಲಾ ಅಂತ ಕೇಳಲಿಲ್ಲ ನೋಡಿ. ಯಾತಕ್ಕೆ ಅಂತ ಕೇಳಿದರು. ನಾನು ವಿವರಿಸಿದೆ. ಬೋರ್ಡ್‌ನ ಮೈಮೇಲೆ ಕರೆಂಟ್ ಹರಿದಾಡುವ ದಾರಿಯನ್ನು ಉದ್ದ ಮಾಡುವುದಕ್ಕೆ ಆ ಸ್ಲಾಟ್. ಧೂಳು ಮತ್ತು ತೇವ ಸೇರಿದರೆ ಎಫ್ಆರ್4 (ಬೋರ್ಡ್‌ನ ಗಾಜು-ರೆಸಿನ್ ವಸ್ತು) ಮೇಲ್ಮೈಯಲ್ಲೇ ಕರೆಂಟ್ ಜಾಡು ಮಾಡಿಕೊಳ್ಳುತ್ತದೆ. ಆ ಜಾಡು ಇಂಗಾಲವಾಗಿ ಕಪ್ಪಾಗುತ್ತದೆ, ಕೊನೆಗೆ ಬೋರ್ಡ್ ಸುಡುತ್ತದೆ. ಮೈಮೇಲಿನ ಆ ದಾರಿಯ ಉದ್ದಕ್ಕೆ ನಮ್ಮ ಭಾಷೆಯಲ್ಲಿ ಕ್ರೀಪೇಜ್ ಅಂತರ ಅನ್ನುತ್ತೇವೆ. ಕೊಳಕು ಜಾಗದಲ್ಲಿ, ಮಾಮೂಲಿ ಎಫ್ಆರ್4 ಮೇಲೆ, 400 ವೋಲ್ಟ್‌ಗೆ ಐಇಸಿ 60664 ಅನ್ನುವ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಹೇಳುವುದು 6.3 ಮಿ.ಮೀ. ಅದೇ ಅಷ್ಟಾಗಿ ಕೊಳಕಿಲ್ಲದ ಆಫೀಸಿನಂಥ ಜಾಗಕ್ಕೆ 4 ಮಿ.ಮೀ. ಸಾಕು. ರಿಲೇ ಕಾಲುಗಳ ನಡುವೆ ಅಷ್ಟು ಜಾಗ ಸಿಗದಿದ್ದಾಗ ಸ್ಲಾಟ್ ಕೊರೆದು ಕರೆಂಟನ್ನು ಸುತ್ತು ಹಾಕಿಸುತ್ತೇವೆ.

ಅವರು ಎಲ್ಲಾ ಕೇಳಿಸಿಕೊಂಡರು. "ಹಂಗಾದ್ರೆ ಇನ್ನೂ ಅಗಲ ಮಾಡಿ ಮೇಡಂ. 0.8 ಬಿಟ್ ನಮ್ಮಲ್ಲಿ ಇದೆ, ಪದೇ ಪದೇ ಮುರಿಯುತ್ತೆ, ಅದು ಬೇರೆ ಮಾತು. ಆದ್ರೆ ಹೊಲದಲ್ಲಿ ಇರೋ ಡಬ್ಬಿ ಅಂತೀರಿ. ಧೂಳು ಕೂತ್ರೆ ಈ ಸಂದು ಮುಚ್ಚೇ ಹೋಗುತ್ತಲ್ಲ?"

ಆ ಸ್ಟ್ಯಾಂಡರ್ಡ್‌ನಲ್ಲಿ ಇದೇ ಮಾತು ಲೆಕ್ಕದ ರೂಪದಲ್ಲಿ ಇದೆ. ಕೊಳಕು ಜಾಗಕ್ಕೆ ಸಂದು 1.5 ಮಿ.ಮೀ.ಗಿಂತ ಕಿರಿದಾಗಿದ್ದರೆ ಅದು ಇಲ್ಲವೇ ಇಲ್ಲ ಅಂತ ಹಿಡಿದು, ಅಂತರವನ್ನು ನೇರವಾಗಿ ಅಳೆಯಬೇಕು. ಅವರು ಆ ಪುಸ್ತಕ ಓದಿರಲಿಲ್ಲ. ಬೋರ್ಡ್‌ಗಳ ಮೇಲೆ ಧೂಳು ಹೇಗೆ ಕೂರುತ್ತದೆ ಅಂತ ನೋಡಿದ್ದರು. ಸ್ಟ್ಯಾಂಡರ್ಡ್ ಬರೆದವರೂ ಮೊದಲು ನೋಡಿದ್ದು ಅದನ್ನೇ ಅಲ್ವಾ? ಸ್ಲಾಟ್ 2 ಮಿ.ಮೀ. ಆಯಿತು. ಅದಕ್ಕಾಗಿ ರಿಲೇಯನ್ನೇ ಬದಲಾಯಿಸಿ, ಕಾಲುಗಳು ದೂರ ಇರುವುದನ್ನು ಹಾಕಬೇಕಾಯಿತು. ಬೋರ್ಡ್ ಒಂದಿಷ್ಟು ದೊಡ್ಡದಾಯಿತು. ಆಗಲಿ.

ಪರಿಣತರ ಮಾತು ಅಂದರೆ ನನ್ನ ಮಟ್ಟಿಗೆ ಇದು. ಪಾಂಡಿತ್ಯ ಒಬ್ಬರ ತಲೆಯಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಡಿಸೈನ್ ಮಾಡುವವರಿಗೆ ಕಾರಣ ಗೊತ್ತು, ಬೋರ್ಡ್ ಮಾಡುವವರಿಗೆ ವಸ್ತು ಗೊತ್ತು, ಜೋಡಿಸುವವರಿಗೆ ಕೈ ಗೊತ್ತು. ಮೂವರೂ ಕೂತು ಮಾತಾಡಿದಾಗ ಮಾತ್ರ ಬೋರ್ಡ್ ಸರಿಯಾಗುತ್ತದೆ. ಅದೂ ಯಾವಾಗ? ಲೇಔಟ್ ಶುರುವಾಗುವ ಮುಂಚೆ.

ಜೋಡಿಸುವವರ ಮಾತು ಅಂದೆನಲ್ಲ. ಬೆಂಗಳೂರಿನ ಅಸೆಂಬ್ಲಿ ಲೈನ್‌ಗಳಲ್ಲಿ ಹೆಚ್ಚಾಗಿ ಹೆಂಗಸರೇ ಕೂತಿರುತ್ತಾರೆ. ಕೆಟ್ಟ ಬೋರ್ಡ್ ಸರಿಪಡಿಸುವ ರಿವರ್ಕ್ ಟೇಬಲ್ ಹತ್ತಿರ ಒಂದು ಸ್ಟೂಲ್ ಹಾಕಿಕೊಂಡು ಕೂತರೆ ಅರ್ಧ ದಿನದಲ್ಲಿ ಕಲಿಯುವುದನ್ನು ಬೇರೆಲ್ಲೂ ಕಲಿಯಲು ಆಗುವುದಿಲ್ಲ. 0402 ಸೈಜಿನ ರೆಸಿಸ್ಟರ್‌ಗಳು, 1 ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲ. ಸೋಲ್ಡರ್ ಕರಗಿಸುವ ರಿಫ್ಲೋ ಓವನ್‌ನಿಂದ ಬರುವಾಗ ಕೆಲವು ಒಂದೇ ಕಾಲ ಮೇಲೆ ಎದ್ದು ನಿಂತಿರುತ್ತವೆ. ಯಾಕೆ ಅಂತ ಕೇಳಿದರೆ ಅಲ್ಲಿನ ಅಕ್ಕ ಮೈಕ್ರೋಸ್ಕೋಪ್ ಕೆಳಗೆ ತೋರಿಸಿದರು. ಒಂದು ಪ್ಯಾಡ್ ಸಣ್ಣ ಟ್ರೇಸ್‌ಗೆ ಅಂಟಿದೆ, ಇನ್ನೊಂದು ನೇರವಾಗಿ ದೊಡ್ಡ ತಾಮ್ರದ ಹರವಿಗೆ. ಸೀಸ ಇಲ್ಲದ ಸೋಲ್ಡರ್ ಕರಗುವುದು 217 ಡಿಗ್ರಿ ಸೆಲ್ಸಿಯಸ್‌ನ ಸುತ್ತ. ಹರವಿನ ಕಡೆಯ ಪ್ಯಾಡ್ ಬಿಸಿಯನ್ನು ಬಿಟ್ಟುಕೊಡುತ್ತಲೇ ಇರುವುದರಿಂದ ಅಲ್ಲಿ ಸೋಲ್ಡರ್ ತಡವಾಗಿ ಕರಗುತ್ತದೆ. ಅಷ್ಟರಲ್ಲಿ ಮೊದಲು ಕರಗಿದ ಕಡೆ ಸೋಲ್ಡರ್‌ನ ಸೆಳೆತ ಪಾರ್ಟನ್ನು ಎಬ್ಬಿಸಿ ನಿಲ್ಲಿಸಿಬಿಡುತ್ತದೆ. ಪ್ಯಾಡನ್ನು ಹರವಿಗೆ ಸಣ್ಣ ಕಡ್ಡಿಗಳ ಮೂಲಕ ಜೋಡಿಸಿದರೆ, ಅಂದರೆ ಥರ್ಮಲ್ ರಿಲೀಫ್ ಕೊಟ್ಟರೆ, ಎರಡೂ ಕಡೆ ಸಮನಾಗಿ ಕರಗುತ್ತದೆ. ಪುಸ್ತಕದಲ್ಲಿ ಇದು ಇದೆ. ಆದರೆ ಯಾವ ಪಾರ್ಟ್, ಯಾವ ಮೂಲೆಯಲ್ಲಿ, ಎಷ್ಟು ಸಲ ಎದ್ದು ನಿಲ್ಲುತ್ತದೆ ಅನ್ನುವುದು ಆ ಟೇಬಲ್‌ನಲ್ಲಿ ಮಾತ್ರ ಇದೆ.

ಅದಕ್ಕಿಂತ ಮುಖ್ಯವಾದದ್ದು ಪ್ಯಾನೆಲ್ ಮುರಿಯುವ ವಿಷಯ. ಬೋರ್ಡ್‌ಗಳನ್ನು ಒಂದೊಂದಾಗಿ ಜೋಡಿಸುವುದಿಲ್ಲ, ಹತ್ತಾರು ಸೇರಿ ಒಂದು ಪ್ಯಾನೆಲ್ ಆಗಿರುತ್ತದೆ. ನಡುವೆ ಮೇಲೂ ಕೆಳಗೂ ವಿ ಆಕಾರದ ಗೀರು. ಜೋಡಿಸಿದ ಮೇಲೆ ಗೀರಿನ ಉದ್ದಕ್ಕೂ ಚಿಕ್ಕಿ ಮುರಿದ ಹಾಗೆ ಮುರಿಯುತ್ತಾರೆ. ಬ್ಲೇಡ್ ಇರುವ ಯಂತ್ರ ಇದ್ದರೆ ಒಳ್ಳೆಯದು. ಆದರೆ ಅರ್ಜೆಂಟ್ ಬಂದಾಗ ಕೈಯಲ್ಲೇ ಮುರಿಯುತ್ತಾರೆ. ಆ ಅಕ್ಕ ಎರಡೂ ಹೆಬ್ಬೆರಳನ್ನು ಗೀರಿನ ಪಕ್ಕ ಇಟ್ಟು, ಬೋರ್ಡನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಬಗ್ಗಿಸಿ ತೋರಿಸಿದರು. "ಈ ಕೆಪಾಸಿಟರ್ ನೋಡಿ ಮೇಡಂ, ನನ್ನ ಬೆರಳ ಪಕ್ಕದಲ್ಲೇ ಇದೆ. ಟಿಕ್ ಅಂತ ಒಂದು ಸದ್ದು ಬರುತ್ತೆ ಕೆಲವು ಸಲ. ಬೋರ್ಡಿಂದಾನಾ, ಇದರಿಂದಾನಾ ಗೊತ್ತಾಗಲ್ಲ."

ಸೆರಾಮಿಕ್ ಕೆಪಾಸಿಟರ್ ಬಗ್ಗುವ ವಸ್ತುವಲ್ಲ. ಬೋರ್ಡ್ ಬಗ್ಗಿದರೆ ಅದು ಬಿರುಕು ಬಿಡುತ್ತದೆ. ಬಿರುಕು ಸಾಮಾನ್ಯವಾಗಿ ಸೋಲ್ಡರ್ ಅಂಚಿನ ಕೆಳಗಿನಿಂದ ಓರೆಯಾಗಿ ಒಳಗೆ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆ ದಿನದ ಟೆಸ್ಟ್‌ನಲ್ಲಿ ಪಾಸ್. ತಿಂಗಳುಗಳ ಮೇಲೆ ಬಿರುಕಿನೊಳಗೆ ತೇವ ಸೇರಿ, ಒಳಗಿನ ಲೋಹದ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ. ಪವರ್ ಲೈನ್ ಮೇಲಿನ ಕೆಪಾಸಿಟರ್ ಆದರೆ ಸುಟ್ಟೇ ಹೋಗುತ್ತದೆ. ಫೀಲ್ಡ್‌ನಿಂದ ಬೋರ್ಡ್ ವಾಪಸ್ ಬಂದಾಗ "ಕೆಪಾಸಿಟರ್ ಕ್ವಾಲಿಟಿ ಸರಿ ಇಲ್ಲ" ಅಂತ ರಿಪೋರ್ಟ್ ಬರೆದು ಬ್ರ್ಯಾಂಡ್ ಬದಲಾಯಿಸುತ್ತಾರೆ. ಹೊಸ ಬ್ರ್ಯಾಂಡೂ ಸುಡುತ್ತದೆ. ಪರಿಹಾರ ಇರುವುದು ಲೇಔಟ್‌ನಲ್ಲಿ. ಕೆಪಾಸಿಟರನ್ನು ಗೀರಿನಿಂದ ದೂರ ಇಡಬೇಕು. ಹತ್ತಿರ ಇಡಲೇಬೇಕಾದರೆ ಅದರ ಉದ್ದ ಗೀರಿಗೆ ಸಮಾನಾಂತರವಾಗಿ ಇರಬೇಕು, ಅಡ್ಡವಾಗಿ ಅಲ್ಲ. ಸಮಾನಾಂತರ ಇದ್ದಾಗ ಬಗ್ಗುವ ಎಳೆತ ಅದರ ಎರಡು ಕಾಲುಗಳ ನಡುವೆ ಬೀಳುವುದಿಲ್ಲ. ಆ "ಟಿಕ್" ಸದ್ದು ಯಾವ ರಿಪೋರ್ಟ್‌ನಲ್ಲೂ ಇರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ.

ದೊಡ್ಡ ಹೆಸರಿನ ಪರಿಣತರ ಮಾತನ್ನೂ ನಾನು ತುಂಬಾ ಕೇಳುತ್ತೇನೆ. ಅಮೆರಿಕದ ರಿಕ್ ಹಾರ್ಟ್ಲಿ, ಎರಿಕ್ ಬೊಗಾಟಿನ್ ಇವರೆಲ್ಲ ಜೀವನಪೂರ್ತಿ ಇದನ್ನೇ ಕಲಿಸಿದವರು. ಹಾರ್ಟ್ಲಿ ಒತ್ತಿ ಒತ್ತಿ ಹೇಳುವ ವಿಷಯ ಒಂದು: ಸಿಗ್ನಲ್‌ನ ಶಕ್ತಿ ತಾಮ್ರದ ಒಳಗೆ ಹರಿಯುವುದಿಲ್ಲ, ಟ್ರೇಸ್‌ಗೂ ಅದರ ಕೆಳಗಿನ ಪ್ಲೇನ್‌ಗೂ (ಗ್ರೌಂಡ್ ಆಗಿರುವ ತಾಮ್ರದ ಹರವಿಗೂ) ನಡುವಿನ ಜಾಗದಲ್ಲಿ ಹರಿಯುತ್ತದೆ. ಮೊದಲ ಸಲ ಕೇಳಿದಾಗ ತಲೆ ತಿರುಗುತ್ತದೆ. ಕಾಲೇಜಿನಲ್ಲಿ ನಮಗೆ ಕಲಿಸಿದ್ದು ತಂತಿಯಲ್ಲಿ ಕರೆಂಟ್ ಹೋಗಿ ಗ್ರೌಂಡ್‌ನಲ್ಲಿ ವಾಪಸ್ ಬರುತ್ತದೆ ಅಂತ. ಗ್ರೌಂಡ್‌ನಲ್ಲಿ ಯಾವ ದಾರಿಯಲ್ಲಿ ಬರುತ್ತದೆ ಅಂತ ಯಾರೂ ಹೇಳಲಿಲ್ಲ. ಫ್ರೀಕ್ವೆನ್ಸಿ ಕಡಿಮೆ ಇದ್ದಾಗ ಅದು ಪ್ಲೇನ್ ತುಂಬಾ ಹರಡಿಕೊಂಡು ಬರುತ್ತದೆ. ಮೆಗಾಹರ್ಟ್ಜ್‌ಗಳಿಗೆ ಹೋದರೆ ಟ್ರೇಸ್‌ನ ನೆಟ್ಟಗೆ ಕೆಳಗೇ, ಟ್ರೇಸ್ ಹೇಗೆ ತಿರುಗಿದೆಯೋ ಹಾಗೇ ತಿರುಗಿಕೊಂಡು ವಾಪಸ್ ಬರುತ್ತದೆ. ನಡುವೆ ಪ್ಲೇನನ್ನು ಸೀಳಿದ್ದರೆ ಸುತ್ತು ಹಾಕಿ ಬರಬೇಕು. ಆ ಸುತ್ತೇ ಆಂಟೆನಾ ಆಗಿ ಸುತ್ತಮುತ್ತ ಗದ್ದಲ ಹರಡುತ್ತದೆ. ಎಫ್ಆರ್4 ಒಳಗೆ ಸಿಗ್ನಲ್ ಒಂದು ನ್ಯಾನೋಸೆಕೆಂಡ್‌ಗೆ ಸುಮಾರು 15 ಸೆಂ.ಮೀ. ಹೋಗುತ್ತದೆ. ಇವತ್ತಿನ ಸಾಧಾರಣ ಪ್ರೊಸೆಸರ್‌ನ ಪಿನ್ ಕೂಡ ಒಂದೆರಡು ನ್ಯಾನೋಸೆಕೆಂಡ್‌ನಲ್ಲಿ ಸೊನ್ನೆಯಿಂದ ಒಂದಕ್ಕೆ ಏರುತ್ತದೆ. ನಮ್ಮದು ಬರೀ ಪಂಪ್ ಸ್ಟಾರ್ಟರ್, ಇದೆಲ್ಲ ಯಾಕೆ ಅನ್ನುವ ಹಾಗಿಲ್ಲ.

ಅನಲಾಗ್ ಗ್ರೌಂಡ್ ಬೇರೆ, ಡಿಜಿಟಲ್ ಗ್ರೌಂಡ್ ಬೇರೆ ಮಾಡಿ ಪ್ಲೇನ್ ಸೀಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಹಳೆಯ ಡೇಟಾಶೀಟ್‌ಗಳಲ್ಲಿ ಹಾಗೆ ಬರೆದಿತ್ತು, ಅದೇ ಪರಂಪರೆಯಾಗಿ ಬಂದಿದೆ. ನನ್ನ ಅಭಿಪ್ರಾಯ ಸ್ಪಷ್ಟ: ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ಲೇನ್ ಅಖಂಡವಾಗಿರಲಿ, ಪಾರ್ಟ್‌ಗಳನ್ನು ದೂರ ದೂರ ಇಡಿ. ಆದರೆ ಬೊಗಾಟಿನ್ ಅವರ ಹತ್ತಿರ ಯಾವ ಪ್ರಶ್ನೆ ತೆಗೆದುಕೊಂಡು ಹೋದರೂ ಮೊದಲು ಬರುವ ಉತ್ತರ "ಸಂದರ್ಭ ನೋಡಿ ಹೇಳಬೇಕು" ಅಂತಲೇ. ಅಲ್ಲಿಗೆ ನಿಲ್ಲಿಸದೆ, ಬನ್ನಿ ಲೆಕ್ಕ ಹಾಕೋಣ ಅನ್ನುತ್ತಾರೆ. ಹಠದಿಂದ ಮಾತಾಡುವವರಿಗೂ ಪರಿಣತರಿಗೂ ವ್ಯತ್ಯಾಸ ಅಲ್ಲಿದೆ.

ಆದರೆ ಒಂದು ವಿಷಯ ನನ್ನನ್ನು ಕಾಡುತ್ತದೆ. ಹೊರದೇಶದ ಪರಿಣತರ ಮಾತು ಫೋನ್ ತೆರೆದರೆ ಸಿಗುತ್ತದೆ. ಪೀಣ್ಯದ ಆ ಹಿರಿಯರ ಮಾತು, ಆ ಅಕ್ಕನ ಮಾತು ಎಲ್ಲಿ ಸಿಗುತ್ತದೆ? ಈ ಊರಿನಲ್ಲಿ ಎಲೆಕ್ಟ್ರಾನಿಕ್ಸ್ ನಿನ್ನೆ ಮೊನ್ನೆಯದಲ್ಲ. ಟೆಲಿಫೋನ್ ಕಾರ್ಖಾನೆ ಐಟಿಐ ಬಂದದ್ದು 1948ರಲ್ಲಿ, ಬಿಇಎಲ್ 1954ರಲ್ಲಿ. ಆರ್.ಕೆ. ಬಾಳಿಗ ಅವರು ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನಲ್ಲಿ ಕೂತು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡದ್ದು ಎಪ್ಪತ್ತರ ದಶಕದಲ್ಲಿ. ಎಸ್‌ಪಿ ರೋಡ್‌ನಲ್ಲಿ ಅಂಗಡಿಯ ಹುಡುಗ ಐಸಿ ಮೇಲಿನ ಅಕ್ಷರ ನೋಡಿ ಅಸಲಿಯೋ ನಕಲಿಯೋ ಹೇಳುತ್ತಾನೆ. ಮೂರು ತಲೆಮಾರಿನ ಕೈಗಳು ಇಲ್ಲಿ ಪಳಗಿವೆ. ಲೈನ್‌ನಲ್ಲಿ ಮಾತು ನಡೆಯುವುದು ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ. ಕಾಗದ ಮಾತ್ರ ಇಂಗ್ಲಿಷ್‌ನಲ್ಲಿ. ಲೈನ್‌ನಲ್ಲಿ ಗೊತ್ತಿರುವುದು ಕಾಗದಕ್ಕೆ ಬರುವುದೇ ಇಲ್ಲ. ಪಾಲಿಟೆಕ್ನಿಕ್ ಮುಗಿಸಿ ಬರುವ ಹುಡುಗ ಹುಡುಗಿಯರು ಮತ್ತೆ ಮೊದಲಿನಿಂದ ಕಲಿಯಬೇಕು.

ನಡುವೆ ಪರ್ಚೇಸ್ ವಿಭಾಗ ಬೇರೆ. ಫ್ಯಾಬ್‌ನ ಪ್ರಶ್ನೆ ಬರುವುದು ಅವರಿಗೆ. ಅವರಿಗೆ ಬೇಕಾದದ್ದು ರೇಟ್ ಮತ್ತು ತಾರೀಖು. "ಫೈಲ್‌ನಲ್ಲಿ ಇದ್ದ ಹಾಗೆ ಮಾಡಿ" ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಅವರಿಗೆ ಒಪ್ಪಿಸಿದ ಕೆಲಸ ಅದು. ಆದರೆ ಡಿಸೈನ್ ಮಾಡಿದವರ ಕಣ್ಣಿಗೆ ಆ ಮೇಲ್ ಬೀಳದೆ ಉತ್ತರ ಹೋಗಬಾರದು. ಇನ್ನು ವೆಬ್‌ಸೈಟ್‌ಗೆ ಫೈಲ್ ಹಾಕಿ, ಕಾರ್ಡ್‌ನಲ್ಲಿ ದುಡ್ಡು ಕಟ್ಟಿ, ವಾರದಲ್ಲಿ ಬೋರ್ಡ್ ತರಿಸುವುದು. ಅದರಿಂದ ಎಷ್ಟೋ ವಿದ್ಯಾರ್ಥಿಗಳಿಗೆ ಒಳ್ಳೆಯದಾಗಿದೆ, ಅಗ್ಗದಲ್ಲಿ ಕಲಿಯುತ್ತಾರೆ. ಮಾದರಿ ಬೋರ್ಡ್‌ಗೆ ನಾನೂ ಹಾಗೇ ಮಾಡುತ್ತೇನೆ. ಆದರೆ ಅಲ್ಲಿ "ಯಾತಕ್ಕೆ?" ಅಂತ ಕೇಳುವವರು ಇಲ್ಲ. ಹೊಲಕ್ಕೆ ಹೋಗುವ ಬೋರ್ಡನ್ನು ಹಾಗೆ ತರಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ಪ್ರತಿ ಫೈಲ್ ಜೊತೆ ಒಂದು ಪುಟದ ಬರಹ ಕಳಿಸುತ್ತೇವೆ. ಬೋರ್ಡ್ ಎಲ್ಲಿ ಇರುತ್ತದೆ, ಎಷ್ಟು ಬಿಸಿ, ಎಷ್ಟು ಧೂಳು. ಯಾವ ಟ್ರೇಸ್‌ನ ಅಗಲವನ್ನು ನೀವು ನಿಮ್ಮ ಪ್ರಿಪ್ರೆಗ್‌ಗೆ ತಕ್ಕ ಹಾಗೆ ಬದಲಾಯಿಸಬಹುದು. ಯಾವ ಸ್ಲಾಟ್ ಪ್ರಾಣ ಉಳಿಸುವಂಥದ್ದು, ಕೇಳದೆ ಮುಟ್ಟಬೇಡಿ. ಇದನ್ನು ಕನ್ನಡದಲ್ಲೂ ಬರೆಯುತ್ತೇವೆ, ಅಸೆಂಬ್ಲಿ ಲೈನ್‌ನ ಗೋಡೆಗೆ ಅಂಟಿಸುವುದಕ್ಕೆ. ಅದನ್ನು ಅಂಟಿಸಿದ ಮೇಲೆ ಲೈನ್‌ನಿಂದ ಬರುವ ಪ್ರಶ್ನೆಗಳು ಜಾಸ್ತಿಯಾದವು. ನಮ್ಮ ತಂಡದ ಹುಡುಗರಿಗೆ ಮೊದಮೊದಲು ಗಾಬರಿ, ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಸದ್ಯಕ್ಕೆ ನಡೆಯುತ್ತಿರುವ ಚರ್ಚೆ ಕೋಟಿಂಗ್ ಬಗ್ಗೆ, ಅಂದರೆ ತೇವ ತಡೆಯಲು ಬೋರ್ಡ್ ಮೇಲೆ ಬಳಿಯುವ ಲೇಪದ ಬಗ್ಗೆ. ಕರಾವಳಿಗೆ ಹೋಗುವ ಬೋರ್ಡ್‌ಗಳಿಗೆ ಬಯಲುಸೀಮೆಯ ಲೆಕ್ಕ ಸಾಲದು. ಉಡುಪಿ, ಕುಂದಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು, ಸಮುದ್ರದ ಪಕ್ಕ ಉಪ್ಪು ಬೇರೆ. ಅಕ್ರಿಲಿಕ್ ಕೋಟಿಂಗ್ ಹಾಕಿದರೆ ರಿಪೇರಿ ಸುಲಭ, ಥಿನ್ನರ್‌ನಲ್ಲಿ ತೆಗೆಯಬಹುದು. ಸಿಲಿಕೋನ್ ಬಿಸಿ ತಡೆಯುತ್ತದೆ, ಆದರೆ ತೆಗೆಯುವುದು ಕಷ್ಟ. ಕೋಟಿಂಗ್ ಮಾಡುವವರು ಕೇಳುತ್ತಿರುವುದು ಅದಕ್ಕಿಂತ ಮೂಲದ ಪ್ರಶ್ನೆ: ಸೋಲ್ಡರ್ ಮಾಡಿದ ಮೇಲೆ ಬೋರ್ಡ್ ತೊಳೆಯುತ್ತೀರಾ? ಫ್ಲಕ್ಸ್ (ಸೋಲ್ಡರ್ ಹಿಡಿಯಲು ಬಳಸುವ ರಾಸಾಯನಿಕ) ತೊಳೆಯಬೇಕಿಲ್ಲದ ನೋ-ಕ್ಲೀನ್ ಜಾತಿಯದು ಅಂತ ಹಾಗೇ ಬಿಟ್ಟು ಅದರ ಮೇಲೆ ಬಳಿದರೆ, ಫ್ಲಕ್ಸ್‌ನ ಉಳಿಕೆಯನ್ನು ನಾವೇ ಒಳಗೆ ಕೂಡಿಹಾಕಿದಂತೆ. ಕೋಟಿಂಗ್ ದಾಟಿ ತೇವ ನಿಧಾನವಾಗಿ ಒಳಗೆ ಹೋಗಿಯೇ ಹೋಗುತ್ತದೆ. ಉಳಿಕೆ, ತೇವ, ವೋಲ್ಟೇಜ್ ಮೂರೂ ಸೇರಿದರೆ ಒಂದು ಪ್ಯಾಡ್‌ನಿಂದ ಇನ್ನೊಂದಕ್ಕೆ ಲೋಹದ ಎಳೆಗಳು ಬೆಳೆಯುತ್ತವೆ.

ತೊಳೆಯಬೇಕು ಅಂದರೆ ರಿಲೇ ಪೂರ್ತಿ ಸೀಲ್ ಆಗಿರುವಂಥದ್ದು ಬೇಕು, ಇಲ್ಲದಿದ್ದರೆ ನೀರು ಒಳಗೆ ಹೋಗುತ್ತದೆ. ಅಂಥ ರಿಲೇಗೆ ರೇಟ್ ಜಾಸ್ತಿ. ಬಜರ್ ಆಮೇಲೆ ಕೈಯಲ್ಲಿ ಸೋಲ್ಡರ್ ಮಾಡಬೇಕು, ಕನೆಕ್ಟರ್‌ಗಳನ್ನೆಲ್ಲ ಒಂದೇ ಅಂಚಿಗೆ ತರಬೇಕು, ಆಗ ಕೋಟಿಂಗ್ ತಾಗದ ಹಾಗೆ ಹಚ್ಚುವ ಮಾಸ್ಕಿಂಗ್ ಟೇಪ್ ಒಂದೇ ಪಟ್ಟಿಯಲ್ಲಿ ಮುಗಿಯುತ್ತದೆ. ಈ ಕೊನೆಯ ಮಾತು ಕೋಟಿಂಗ್ ಮಾಡುವ ಹುಡುಗನದು. ಲೇಔಟ್ ಇನ್ನೂ ಶುರುವಾಗಿಲ್ಲ. ಕನೆಕ್ಟರ್‌ಗಳ ಜಾಗ ಗುರುತು ಮಾಡುವ ದಿನ ಅವನನ್ನೂ ಆಫೀಸಿಗೆ ಬರಲು ಹೇಳಿದ್ದೇವೆ.